ಬೇರಿನ ತುದಿಯಲ್ಲಿ ಮಿದುಳಿದೆಯೇ? ಡಾರ್ವಿನ್ ನಿಜಕ್ಕೂ ಕಂಡದ್ದೇನು?

ಗಿಡಗಳಿಗೂ ಮಿದುಳಿದೆ, ಅದು ಬೇರಿನ ತುದಿಯಲ್ಲಿದೆ, ಹಾಗೆಂದು ಡಾರ್ವಿನ್ ಅವರೇ ಹೇಳಿದ್ದಾರೆ ಎಂಬ ಮಾತು ಆಗಾಗ ಕಿವಿಗೆ ಬೀಳುತ್ತದೆ. ಬೇರು ಬರಿಸುವ ಹಾರ್ಮೋನ್ ಪುಡಿಯನ್ನು ಹೆಚ್ಚು ಹಚ್ಚಿದಷ್ಟೂ ಬೇರು ಹೆಚ್ಚು ಬರುತ್ತದೆ ಎಂಬ ನಂಬಿಕೆಯೂ ಇದೆ. ಎರಡೂ ಪೂರ್ತಿ ನಿಜವಲ್ಲ. ಎರಡಕ್ಕೂ ಉತ್ತರ ಸಿಗುವುದು ಒಂದೇ ಕಥೆಯಲ್ಲಿ, ಚಾರ್ಲ್ಸ್ ಡಾರ್ವಿನ್ ಅವರ ಬದುಕಿನ ಕೊನೆಯ ವರ್ಷಗಳಲ್ಲಿ.

ಮೊದಲು ನಮ್ಮ ಹೊಲಕ್ಕೆ ಹೋಗೋಣ. ಹಾಸನದ ಪಕ್ಕದ ಶಾಂತಿಗ್ರಾಮವಿರಲಿ, ಚನ್ನರಾಯಪಟ್ಟಣವಿರಲಿ, ಬಿತ್ತನೆ ಮಾಡುವಾಗ ಯಾರೂ ಒಂದೊಂದು ಕಾಳನ್ನೂ ತಿರುಗಿಸಿ, ತಲೆ ಯಾವುದು ಬುಡ ಯಾವುದು ಎಂದು ನೋಡಿ ಇಡುವುದಿಲ್ಲ. ಕಾಳು ಹೇಗೆ ಬಿದ್ದರೂ ಬೇರು ಕೆಳಕ್ಕೇ ಇಳಿಯುತ್ತದೆ, ಮೊಳಕೆ ಮೇಲಕ್ಕೇ ಏಳುತ್ತದೆ. ಕಣ್ಣಿಲ್ಲದ, ನರವಿಲ್ಲದ ಬೇರಿಗೆ ಕೆಳಗು ಯಾವುದೆಂದು ತಿಳಿಯುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದಾಗ ಡಾರ್ವಿನ್ ಅವರಿಗೆ ಅರವತ್ತೆಂಟು ದಾಟಿತ್ತು.

ವೈದ್ಯನಾಗದ ಹುಡುಗ

ಡಾರ್ವಿನ್ ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಶ್ರೂಸ್‌ಬರಿಯಲ್ಲಿ. ತಂದೆ ವೈದ್ಯರು. ಮಗನೂ ವೈದ್ಯನಾಗಲೆಂದು ಎಡಿನ್‌ಬರೋಗೆ ಕಳಿಸಿದರು. ಅರಿವಳಿಕೆ ಇಲ್ಲದ ಆ ಕಾಲದ ಶಸ್ತ್ರಚಿಕಿತ್ಸೆಯನ್ನು ನೋಡಲಾಗದೆ ಹುಡುಗ ಓದು ಬಿಟ್ಟು ಬಂದರು. ಆಮೇಲೆ ಕೇಂಬ್ರಿಡ್ಜ್‌ನಲ್ಲಿ ಅವರ ಕೈಹಿಡಿದವರು ಸಸ್ಯಶಾಸ್ತ್ರದ ಪ್ರಾಧ್ಯಾಪಕ ಹೆನ್ಸ್‌ಲೋ. 1831ರಲ್ಲಿ ಬೀಗಲ್ ಹಡಗಿಗೆ ಅವರ ಹೆಸರನ್ನು ಸೂಚಿಸಿದವರೂ ಅವರೇ. ಸುಮಾರು ಐದು ವರ್ಷ ಲೋಕ ಸುತ್ತಿ ಬಂದ ಡಾರ್ವಿನ್, 1842ರಲ್ಲಿ ಕೆಂಟ್ ಪ್ರಾಂತ್ಯದ ಡೌನ್ ಎಂಬ ಹಳ್ಳಿಯಲ್ಲಿ ಮನೆ ಮಾಡಿದರು. ಸಾಯುವವರೆಗೂ ಅದೇ ಅವರ ಪ್ರಯೋಗಶಾಲೆಯಾಯಿತು.

1859ರಲ್ಲಿ ಬಂದ ವಿಕಾಸವಾದದ ಪುಸ್ತಕ ಎಲ್ಲರಿಗೂ ಗೊತ್ತು. ಆದರೆ ಆಮೇಲಿನ ವರ್ಷಗಳಲ್ಲಿ ಅವರು ಹೆಚ್ಚಾಗಿ ಗಿಡಗಳ ಜೊತೆಯೇ ಇದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಆರ್ಕಿಡ್, ಹಬ್ಬುವ ಬಳ್ಳಿ, ಕೀಟ ತಿನ್ನುವ ಗಿಡ, ಹೀಗೆ ಒಂದೊಂದರ ಮೇಲೂ ಪುಸ್ತಕ ಬರೆದರು. ಬಹುಕಾಲದಿಂದ ಕಾಡುತ್ತಿದ್ದ ಅನಾರೋಗ್ಯದಿಂದಾಗಿ ದೂರ ಹೋಗಲಾಗುತ್ತಿರಲಿಲ್ಲ. ಗಿಡವಾದರೋ ಕಿಟಕಿಯ ಬಳಿಯೇ ಇರುತ್ತಿತ್ತು.

ಅಪ್ಪ, ಮಗ ಮತ್ತು ಹುರುಳಿಯ ನೆಂಟ

1876ರಲ್ಲಿ ಅವರ ಮಗ ಫ್ರಾನ್ಸಿಸ್ ಅವರ ಹೆಂಡತಿ ಏಮಿ ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಫ್ರಾನ್ಸಿಸ್ ಹಸುಗೂಸಿನೊಂದಿಗೆ ತಂದೆಯ ಮನೆ ಸೇರಿದರು. ವೈದ್ಯಕೀಯ ಓದಿದ್ದ ಅವರು ತಂದೆಯ ಸಹಾಯಕರಾದರು. ಬೇರಿನ ಪ್ರಯೋಗಗಳು ನಡೆದದ್ದು ದುಃಖದಲ್ಲಿದ್ದ ಈ ಮನೆಯಲ್ಲಿ.

ಅವರು ಆರಿಸಿಕೊಂಡದ್ದು ನಮ್ಮ ಅವರೆ, ಹುರುಳಿಗಳ ಕುಟುಂಬಕ್ಕೇ ಸೇರಿದ ಒಂದು ದಪ್ಪ ಕಾಳು. ಮೊಳೆತ ಕಾಳಿನ ಬೇರನ್ನು ತೇವವಿರುವ ಕಡೆ ಅಡ್ಡಲಾಗಿ ಇಟ್ಟರೆ ಅದು ಕೆಳಕ್ಕೆ ಬಾಗುತ್ತಿತ್ತು. ತುದಿಯ ಒಂದೂವರೆ ಮಿಲಿಮೀಟರಿನಷ್ಟನ್ನು ಕತ್ತರಿಸಿದರೆ ಅಥವಾ ಸಿಲ್ವರ್ ನೈಟ್ರೇಟ್‌ನಿಂದ ಸುಟ್ಟರೆ ಬೇರು ಉದ್ದವಾಗುತ್ತಿತ್ತು, ಆದರೆ ಬಾಗುತ್ತಿರಲಿಲ್ಲ. ಕೆಲವು ದಿನಗಳಲ್ಲಿ ಹೊಸ ತುದಿ ಬಂದ ಮೇಲೆ ಮತ್ತೆ ಬಾಗುತ್ತಿತ್ತು. ಬೇರಿನ ತುದಿ ಕತ್ತರಿಸಿ ನೋಡಿದವರಲ್ಲಿ ಇವರೇ ಮೊದಲಿಗರಲ್ಲ. ಪೋಲೆಂಡಿನ ಸಿಯೆಸೆಲ್ಸ್ಕಿ 1872ರಲ್ಲೇ ಅದನ್ನು ಮಾಡಿದ್ದರು. ಡಾರ್ವಿನ್ ಅದನ್ನು ಮರೆಮಾಚದೆ, ಅವರ ಕೆಲಸವನ್ನೇ ಮುಂದುವರಿಸಿದರು.

ಇಲ್ಲಿ ಗಮನಿಸಬೇಕಾದದ್ದು ಒಂದಿದೆ. ಬಾಗುವುದು ತುದಿಯಲ್ಲ, ಅದರಿಂದ ಸ್ವಲ್ಪ ಹಿಂದಿನ ಭಾಗ. ಅಂದರೆ ತಿಳಿಯುವ ಜಾಗ ಒಂದು, ಬಾಗುವ ಜಾಗ ಇನ್ನೊಂದು. ನಡುವೆ ಏನೋ ಒಂದು ಸುದ್ದಿ ಸಾಗುತ್ತಿರಬೇಕು. ಹುಲ್ಲಿನ ಮೊಳಕೆಯ ತುದಿಗೆ ಟೊಪ್ಪಿಗೆ ತೊಡಿಸಿ ಬೆಳಕು ತಡೆದಾಗಲೂ ಅವರಿಗೆ ಇದೇ ಪಾಠ ಸಿಕ್ಕಿತ್ತು.

1880ರ ನವೆಂಬರ್‌ನಲ್ಲಿ ಈ ಕೆಲಸ ಪುಸ್ತಕವಾಗಿ ಹೊರಬಂತು. ಅದರ ಕೊನೆಯಲ್ಲಿ ಅವರು ಬೇರಿನ ತುದಿ ಕೆಲಸ ಮಾಡುವ ರೀತಿಯನ್ನು ಕೆಳಮಟ್ಟದ ಪ್ರಾಣಿಗಳ ಮಿದುಳಿಗೆ ಹೋಲಿಸಿದರು. ಅದು ಹೋಲಿಕೆ ಮಾತ್ರ. ಬೇರಿನಲ್ಲಿ ಮಿದುಳು ಕಂಡೆ ಎಂದು ಅವರು ಹೇಳಲಿಲ್ಲ. ಗಿಡಗಳಲ್ಲಿ ನರಕೋಶಗಳೇ ಇಲ್ಲ.

ದೊಡ್ಡವರ ತಿರಸ್ಕಾರ

ಆ ಕಾಲದಲ್ಲಿ ಸಸ್ಯಶರೀರಶಾಸ್ತ್ರಕ್ಕೆ ಜರ್ಮನಿಯ ಯೂಲಿಯಸ್ ಸಾಕ್ಸ್ ದೊಡ್ಡ ಹೆಸರು. ಫ್ರಾನ್ಸಿಸ್ ಅವರ ಪ್ರಯೋಗಶಾಲೆಯಲ್ಲೂ ಕೆಲಸ ಕಲಿತು ಬಂದಿದ್ದರು. ಸಾಕ್ಸ್ ತಮ್ಮ ಸಹಾಯಕರಿಂದ ಪ್ರಯೋಗ ಮಾಡಿಸಿದರು. ಅವರಿಗೆ ಬೇರೆಯೇ ಫಲಿತಾಂಶ ಬಂತು. ಗಾಯಗೊಂಡ ಬೇರು ಸರಿಯಾಗಿ ನಡೆದುಕೊಳ್ಳದಿದ್ದರೆ ಅದರಲ್ಲಿ ಆಶ್ಚರ್ಯವೇನು ಎಂಬುದು ಅವರ ತಕರಾರು. ಮನೆಯಲ್ಲಿ ಕೂತು ಮಾಡಿದ ಹವ್ಯಾಸಿಯ ಕೆಲಸವೆಂದು ಅವರು ಅದನ್ನು ತಳ್ಳಿಹಾಕಿದರು. ವಾದ ಮುಗಿಯುವ ಮೊದಲೇ, 1882ರ ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು.

ತಕರಾರು ನ್ಯಾಯವಾದದ್ದೇ ಆಗಿತ್ತು. ಅದಕ್ಕೆ ನೇರ ಉತ್ತರ ಸಿಕ್ಕಿದ್ದು 1966ರಲ್ಲಿ. ಜೋಳದ ಕುಟುಂಬದ್ದೇ ಆದ ಮುಸುಕಿನ ಜೋಳದ ಬೇರಿನ ತುದಿಯಲ್ಲಿರುವ ಟೊಪ್ಪಿಯಂಥ ಹೊದಿಕೆಯನ್ನು ಮಾತ್ರ ಬಿಡಿಸಿ ತೆಗೆದರು. ಬೇರು ಬೆಳೆಯುತ್ತಲೇ ಇತ್ತು, ದಿಕ್ಕು ಮಾತ್ರ ತಪ್ಪಿತು. ಗೆದ್ದದ್ದು ಡೌನ್ ಮನೆಯ ಕಾಳು.

ಸಾಗುವ ಸುದ್ದಿ ಯಾವುದು?

1926ರಲ್ಲಿ ನೆದರ್ಲೆಂಡ್ಸ್‌ನ ಫ್ರಿಟ್ಸ್ ವೆಂಟ್, ಮೊಳಕೆಯ ತುದಿಯಿಂದ ಆ ಸುದ್ದಿಯನ್ನು ಅಗರ್ ತುಂಡಿಗೆ ಇಳಿಸಿಕೊಂಡರು. ಅದೇ ಆಕ್ಸಿನ್ ಎಂಬ ಹಾರ್ಮೋನ್. ಎಳೆಯ ಎಲೆಗಳಲ್ಲಿ ತಯಾರಾಗುವ ಆಕ್ಸಿನ್ ಕೆಳಗಿಳಿದು ಬೇರಿನ ತುದಿ ಸೇರುತ್ತದೆ. ಅಲ್ಲಿನ ಹೊದಿಕೆಯ ಕೋಶಗಳಲ್ಲಿ ಪಿಷ್ಟದ ಭಾರವಾದ ಕಣಗಳಿವೆ. ಬೇರು ಅಡ್ಡವಾದಾಗ ಅವು ಕೆಳಬದಿಗೆ ಕುಸಿಯುತ್ತವೆ, ಆಕ್ಸಿನ್ ಕೂಡ ಕೆಳಬದಿಗೆ ಹೆಚ್ಚು ಹರಿಯುತ್ತದೆ. ಕಾಂಡದಲ್ಲಿ ಬೆಳವಣಿಗೆ ಹೆಚ್ಚಿಸುವಷ್ಟು ಆಕ್ಸಿನ್ ಬೇರಿನ ಕೋಶಗಳಿಗೆ ಅತಿಯಾಗುತ್ತದೆ. ಕೆಳಬದಿ ನಿಧಾನವಾಗುತ್ತದೆ, ಮೇಲ್ಬದಿ ಮುಂದೆ ಓಡುತ್ತದೆ, ಬೇರು ಕೆಳಕ್ಕೆ ಬಾಗುತ್ತದೆ.

ಆಕ್ಸಿನ್ ಒಂದೇ ಯಜಮಾನನಲ್ಲ. ಬೇರಿನಲ್ಲಿ ಹೆಚ್ಚಾಗಿ ತಯಾರಾಗಿ ಮೇಲಕ್ಕೆ ಹೋಗುವ ಸೈಟೊಕೈನಿನ್ ಎಂಬ ಹಾರ್ಮೋನೂ ಇದೆ. ಬೇರಿನ ತುದಿಯಲ್ಲಿ ಆಕ್ಸಿನ್ ಕೋಶಗಳು ಒಡೆದು ಹೆಚ್ಚುತ್ತಿರಲು ನೆರವಾದರೆ, ಸೈಟೊಕೈನಿನ್ ಒಡೆಯುವುದು ಸಾಕು, ಇನ್ನು ಬಲಿಯಿರಿ ಎನ್ನುತ್ತದೆ. ಪಕ್ಕದ ಬೇರು ಹುಟ್ಟಲು ಆಕ್ಸಿನ್ ಒತ್ತಾಸೆ, ಸೈಟೊಕೈನಿನ್ ತಡೆ. 1957ರಲ್ಲಿ ಸ್ಕೂಗ್ ಮತ್ತು ಮಿಲ್ಲರ್, ತಂಬಾಕಿನ ಅಂಗಾಂಶಕ್ಕೆ ಆಕ್ಸಿನ್ ಪಾಲು ಹೆಚ್ಚಿದ್ದರೆ ಬೇರು, ಸೈಟೊಕೈನಿನ್ ಪಾಲು ಹೆಚ್ಚಿದ್ದರೆ ಚಿಗುರು ಬರುತ್ತದೆಂದು ತೋರಿಸಿದರು.

ಸೈಟೊಕೈನಿನ್‌ನ ಒಂದು ಮೂಲ ನಮ್ಮ ಕಡೆಯ ತೆಂಗಿನ ತೋಟಗಳಲ್ಲೇ ಇದೆ. ಎಳನೀರಿನಲ್ಲಿ ಅದು ಇರುವುದರಿಂದಲೇ ಅಂಗಾಂಶ ಕೃಷಿಯಲ್ಲಿ ಎಳನೀರು ಬಳಸುತ್ತಿದ್ದರು. ಇದರಲ್ಲಿ ಹೆಸರಾಗಿದ್ದ ಅಮೆರಿಕದ ಎಫ್.ಸಿ. ಸ್ಟೀವರ್ಡ್ ಅವರೊಂದಿಗೆ ಬಾಳೆಹಣ್ಣಿನ ಅಂಗಾಂಶದ ಮೇಲೆ ಕೆಲಸ ಮಾಡಿದವರಲ್ಲಿ, ಹೊಳೆನರಸೀಪುರವನ್ನು ಹೆಸರಿನಲ್ಲೇ ಹೊತ್ತ ಸಸ್ಯವಿಜ್ಞಾನಿ ಎಚ್.ವೈ. ಮೋಹನರಾಮ್ ಒಬ್ಬರು.

ಮೂರನೆಯದು ಎಥಿಲಿನ್ ಅನಿಲ. ಇದು ಆಕ್ಸಿನ್ ತಯಾರಿಕೆಯನ್ನು ಹೆಚ್ಚಿಸಿ ಬೇರನ್ನು ತಡೆಯುತ್ತದೆ. ಭಾರದ ವಾಹನ ಓಡಿ ಗಟ್ಟಿಯಾದ ನೆಲದಲ್ಲಿ ಈ ಅನಿಲ ಹೊರಹೋಗಲಾಗದೆ ಬೇರಿನ ಸುತ್ತಲೇ ಉಳಿಯುತ್ತದೆ. ಎಥಿಲಿನ್‌ಗೆ ಸ್ಪಂದಿಸದ ಭತ್ತದ ಬೇರುಗಳು ಗಟ್ಟಿ ಮಣ್ಣಿನಲ್ಲೂ ಇಳಿದದ್ದನ್ನು 2021ರ ಅಧ್ಯಯನವೊಂದು ತೋರಿಸಿತು. ಗಟ್ಟಿ ನೆಲದಲ್ಲಿ ಬೇರು ನಿಲ್ಲುವುದಕ್ಕೆ ಶಕ್ತಿ ಸಾಲದಿರುವುದಷ್ಟೇ ಕಾರಣವಲ್ಲ, ನಿಲ್ಲು ಎಂಬ ಸುದ್ದಿಯೂ ಕಾರಣ.

ಹಾಗಾದರೆ ಪುಡಿ ಎಷ್ಟು?

ಬೇರು ಬರಿಸುವ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಇಂಡೋಲ್ ಬ್ಯುಟೈರಿಕ್ ಆಮ್ಲ, ಅಂದರೆ ಒಂದು ಬಗೆಯ ಆಕ್ಸಿನ್. ಮೆಣಸಿನ ಬಳ್ಳಿಯ ತುಂಡಿನಲ್ಲಿ ಹೊಸ ಬೇರು ಹುಟ್ಟಿಸಲು ಅದು ಬೇಕು. ಆದರೆ ಹುಟ್ಟಿದ ಬೇರು ಉದ್ದವಾಗಲು ಅದೇ ಹೆಚ್ಚಾದರೆ ಅಡ್ಡಿ. ಕಳೆನಾಶಕ 2,4-ಡಿ ಕೂಡ ಆಕ್ಸಿನ್‌ನಂತೆಯೇ ವರ್ತಿಸುವ ರಾಸಾಯನಿಕ. ಅಗಲ ಎಲೆಯ ಕಳೆ ಸಾಯುವುದು ಈ ಸುದ್ದಿ ಮಿತಿಮೀರಿದ್ದರಿಂದ. ಆದ್ದರಿಂದ ಪೊಟ್ಟಣದ ಮೇಲೆ ಬರೆದಷ್ಟೇ ಬಳಸಿ. ಕೈಯಳತೆಯಲ್ಲಿ ಇನ್ನೊಂದಿಷ್ಟು ಸೇರಿಸಿದರೆ ಹಣವೂ ಹೋದೀತು, ತುಂಡೂ ಕೊಳೆತೀತು.

ಡಾರ್ವಿನ್ ಅವರ ಪ್ರಯೋಗ ನಿಮ್ಮ ಅಡುಗೆಮನೆಯಲ್ಲೂ ಆಗುತ್ತದೆ. ಮೊಳಕೆ ಬಂದ ನಾಲ್ಕು ಹುರುಳಿಕಾಳನ್ನು ಒದ್ದೆ ಬಟ್ಟೆಯ ಮೇಲೆ ಬೇರು ಅಡ್ಡಲಾಗಿರುವಂತೆ ಅಂಟಿಸಿ, ಬಟ್ಟೆಯನ್ನು ನೆಟ್ಟಗೆ ನಿಲ್ಲಿಸಿ ಒಣಗದಂತೆ ಇಡಿ. ಮಾರನೆಯ ದಿನ ನೋಡಿದರೆ ಬೇರುಗಳು ಕೆಳಗೆ ತಿರುಗಿರುತ್ತವೆ. ಅಲ್ಲಿ ಮಿದುಳಿಲ್ಲ. ಇರುವುದು ಹಲವು ಹಾರ್ಮೋನುಗಳ ಲೆಕ್ಕಾಚಾರ. ಅದರ ಮೊದಲ ಸುಳಿವುಗಳಲ್ಲೊಂದು ಸಿಕ್ಕಿದ್ದು ಒಬ್ಬ ಮುದುಕರಿಗೆ, ಮನೆಯಲ್ಲೇ ಕೂತು ಕಾಳು ಮೊಳೆಯಿಸುತ್ತಿದ್ದಾಗ.