ಕಡಲ ನೀಲಿಯನ್ನು ಪರೀಕ್ಷಿಸಿದ ಸರ್ ಸಿ. ವಿ. ರಾಮನ್

ಭಾರತದ ವಿಜ್ಞಾನ ಪರಂಪರೆಯಲ್ಲಿ ಚಿರಸ್ಮರಣೀಯರಾದ ಸರ್ ಚಂದ್ರಶೇಖರ ವೆಂಕಟರಾಮನ್ ಅವರು 1888ರ ನವೆಂಬರ್ 7ರಂದು ತಿರುಚಿರಾಪಳ್ಳಿಯಲ್ಲಿ ಜನಿಸಿದರು. ತಂದೆ ಅಧ್ಯಾಪಕರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಎಂ.ಎ. ಪದವಿ ಪಡೆದ ರಾಮನ್, 1907ರಲ್ಲಿ ಸರ್ಕಾರದ ಹಣಕಾಸು ಇಲಾಖೆಯನ್ನು ಸೇರಿ ಕಲ್ಕತ್ತೆಗೆ ತೆರಳಿದರು. ಹಗಲು ಲೆಕ್ಕಪತ್ರಗಳ ಕಾರ್ಯ. ಬಿಡುವಿನ ವೇಳೆಯಲ್ಲಿ ಮಹೇಂದ್ರಲಾಲ್ ಸರ್ಕಾರ್ ಅವರು 1876ರಲ್ಲಿ ಸ್ಥಾಪಿಸಿದ್ದ ವಿಜ್ಞಾನ ಸಂಘದಲ್ಲಿ ಸಂಶೋಧನೆ. 1917ರಲ್ಲಿ ಅಧಿಕ ವೇತನದ ಆ ಹುದ್ದೆಯನ್ನು ತೊರೆದು ಕಲ್ಕತ್ತಾ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕರಾದರು.

ಕಡಲು ನೀಲಿಯಾಗಿ ಕಾಣುವುದು ಆಕಾಶದ ಪ್ರತಿಬಿಂಬದಿಂದ ಎಂಬುದು ಇಂದಿಗೂ ಜನಜನಿತವಾದ ನಂಬಿಕೆ. ಅಂದು ಅದು ಕೇವಲ ಜನರ ಮಾತಾಗಿರಲಿಲ್ಲ. ಇಂಗ್ಲೆಂಡಿನ ಹಿರಿಯ ವಿಜ್ಞಾನಿ ಲಾರ್ಡ್ ರ್‍ಯಾಲಿಯವರ ಅಭಿಪ್ರಾಯವೂ ಅದೇ ಆಗಿತ್ತು. 1921ರಲ್ಲಿ ಯೂರೋಪಿನಿಂದ ನಾರ್ಕುಂಡಾ ಹಡಗಿನಲ್ಲಿ ಮರಳುವಾಗ ರಾಮನ್ ಅವರು ಇದನ್ನು ಪರೀಕ್ಷೆಗೊಡ್ಡಿದರು. ಅದಕ್ಕೆ ಬೇಕಾದದ್ದು ಜೇಬಿನಲ್ಲಿ ಹಿಡಿಯುವಷ್ಟು ಚಿಕ್ಕದಾದ ನಿಕೋಲ್ ಪಟ್ಟಕ ಮಾತ್ರ. ನೀರಿನ ಮೇಲ್ಮೈಯಿಂದ ಒಂದು ನಿರ್ದಿಷ್ಟ ಕೋನದಲ್ಲಿ ಪ್ರತಿಫಲಿಸುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪಟ್ಟಕವನ್ನು ತಕ್ಕಂತೆ ತಿರುಗಿಸಿದರೆ ಅದು ತಡೆಯಲ್ಪಡುತ್ತದೆ. ನೀಲಿಯು ಪ್ರತಿಬಿಂಬವೇ ಆಗಿದ್ದರೆ ಆಗ ಮರೆಯಾಗಬೇಕಿತ್ತು. ಮರೆಯಾಗಲಿಲ್ಲ, ಹೊಳಪು ಅಳಿದ ಕಡಲು ಮತ್ತಷ್ಟು ಗಾಢವಾದ ನೀಲಿಯಾಗಿ ಕಂಡಿತು. ಆ ಬಣ್ಣ ನೀರಿನ ಒಡಲಿನಿಂದಲೇ ಬರುತ್ತಿತ್ತು.

ನೀರಿನ ಅಣುಗಳು ಬೆಳಕನ್ನು ಚದರಿಸುವ ಬಗೆಯನ್ನು ಅರಸುತ್ತ ಸಾಗಿದ ಈ ಹಾದಿಯೇ 1928ರ ಫೆಬ್ರವರಿ 28ರಂದು ರಾಮನ್ ಪರಿಣಾಮದ ಶೋಧಕ್ಕೆ ಒಯ್ದಿತು. ಅದರಲ್ಲಿ ಶಿಷ್ಯರಾದ ಕೆ. ಎಸ್. ಕೃಷ್ಣನ್ ಅವರ ಪಾಲು ಹಿರಿದು. 1930ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದ ನಿರ್ದೇಶಕರಾಗಿ ಬಂದ ರಾಮನ್ ಅವರು ಕನ್ನಡ ನಾಡಿನಲ್ಲೇ ನೆಲೆಸಿದರು. ದಾನಿಗಳ ನೆರವಿನಿಂದ 1948ರಲ್ಲಿ ತಮ್ಮದೇ ಸಂಶೋಧನಾ ಸಂಸ್ಥೆಯನ್ನು ಕಟ್ಟಿದರು. 1954ರಲ್ಲಿ ಭಾರತರತ್ನ ಪ್ರಶಸ್ತಿ ಲಭಿಸಿತು. 1970ರ ನವೆಂಬರ್ 21ರಂದು ಬೆಂಗಳೂರಿನಲ್ಲಿ ದೈವಾಧೀನರಾದರು.

ಹಿರಿಯರ ಮಾತನ್ನು ಪರೀಕ್ಷಿಸಿದ ಅವರ ವಿವರಣೆಯೂ ಪರೀಕ್ಷೆಗೆ ಹೊರತಾಗಲಿಲ್ಲ. ಕಡಲ ನೀಲಿಗೆ ಅವರು ಅಣುಗಳ ಚದರಿಕೆಗೆ ಪ್ರಧಾನ ಸ್ಥಾನವಿತ್ತಿದ್ದರು. ನೀರು ಕೆಂಪು ಬೆಳಕನ್ನು ಹೀರಿಕೊಳ್ಳುವುದೇ ಹೆಚ್ಚು ಮುಖ್ಯವಾದ ಕಾರಣವೆಂದು ಈಗ ತಿಳಿದಿದೆ. ಇದರಿಂದ ಅವರ ಹಿರಿಮೆ ಕುಂದುವುದಿಲ್ಲ. ಅವರು ಹಿಡಿದ ಮಾರ್ಗವೇ ಸಾರ್ಥಕವಾಗುತ್ತದೆ.

ಈ ಪರೀಕ್ಷೆಗೆ ಕಡಲತೀರವೇ ಬೇಕೆಂದಿಲ್ಲ. ಶಿಕಾರಿಪುರದ ಬಳಿ ಕುಮುದ್ವತಿಗೆ ಕಟ್ಟಿದ ಅಂಜನಾಪುರ ಜಲಾಶಯವಿದೆ. ಸೊರಬ ಸೀಮೆಯಲ್ಲಿ ಕೆರೆಗಳಿಗೆ ಕೊರತೆಯಿಲ್ಲ. ತಿಳಿಯಾದ ದಿನ ದಡದಲ್ಲಿ ನಿಂತು, ಪೋಲರಾಯ್ಡ್ ಹಾಳೆಯ ತುಂಡನ್ನು ಕಣ್ಣಿನ ಮುಂದೆ ಮೆಲ್ಲನೆ ತಿರುಗಿಸಿ ಓರೆಯಾಗಿ ನೀರನ್ನು ನೋಡಿದರೆ ಬಾನಿನ ನೀಲಿ ಅಳಿದು ಕೆರೆಯ ಸ್ವಂತ ಬಣ್ಣವಾದ ಮಣ್ಣುಗೆಂಪೋ ಪಾಚಿಯ ಹಸಿರೋ ಕಾಣುತ್ತದೆ. ಕಡಲಿಗೆ ಸಲ್ಲದ ಹಳೆಯ ಮಾತು ಕೆರೆಗೆ ಬಹುಮಟ್ಟಿಗೆ ಸಲ್ಲುತ್ತದೆ! ಯಾವ ಮಾತು ಎಲ್ಲಿ ನಿಜವೆಂಬುದನ್ನು ಪ್ರಯೋಗವೇ ನಿರ್ಣಯಿಸಬೇಕು.

ಪಠ್ಯದ ಉತ್ತರವನ್ನು ಒಪ್ಪಿಸುವ ವಿದ್ಯಾರ್ಥಿ ಅಂಕ ಗಳಿಸಬಹುದು; ಕೆರೆಯ ದಡದಲ್ಲಿ ಅದನ್ನು ಪರೀಕ್ಷಿಸಿದವನು ಅರಿವನ್ನು ಗಳಿಸುತ್ತಾನೆ. ಅಂಥ ಅವಕಾಶವನ್ನು ಅಧ್ಯಾಪಕರು ಕಲ್ಪಿಸಿ, ಅದಕ್ಕೆ ಬೇಕಾದ ಸರಳ ಸಲಕರಣೆಗಳನ್ನು ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒದಗಿಸಿದರೆ, ರಾಮನ್ ಅವರ ಸ್ಮರಣೆ ಶಾಲೆಯ ಗೋಡೆಯ ಚಿತ್ರಪಟದಲ್ಲಿ ಮಾತ್ರ ಉಳಿಯದೆ ಮಕ್ಕಳ ಕೈಯಲ್ಲಿಯೂ ಉಳಿಯುವುದು.