ಪೆಟ್ರಸ್ ರಾಮಸ್

ಪೆಟ್ರಸ್ ರಾಮಸ್ (೧೫೧೫–೧೫೭೨) ಫ್ರಾನ್ಸಿನ ತರ್ಕಶಾಸ್ತ್ರಜ್ಞ, ಶಿಕ್ಷಣ ಸುಧಾರಕ. ಬಡ ಕುಟುಂಬದಲ್ಲಿ ಹುಟ್ಟಿದ ಇವರು ಪ್ಯಾರಿಸ್ಸಿನ ನವಾರ್ ಕಾಲೇಜಿನಲ್ಲಿ ಸೇವಕರಾಗಿ ದುಡಿಯುತ್ತಲೇ ವ್ಯಾಸಂಗ ಮಾಡಿದರು. ಅರಿಸ್ಟಾಟಲನ ತರ್ಕವನ್ನು ೧೫೪೩ರಲ್ಲಿ ಕಟುವಾಗಿ ಟೀಕಿಸಿದ್ದರಿಂದ, ಇವರು ತತ್ತ್ವಶಾಸ್ತ್ರ ಬೋಧಿಸದಂತೆ ದೊರೆ ಒಂದನೆಯ ಫ್ರಾನ್ಸಿಸ್ ಮರುವರ್ಷ ನಿಷೇಧ ಹೇರಿದನು. ಎರಡನೆಯ ಹೆನ್ರಿ ಅದನ್ನು ತೆರವುಗೊಳಿಸಿದನು.

ವಿಷಯವೊಂದರ ವ್ಯಾಪಕ ಪರಿಕಲ್ಪನೆಯನ್ನು ಮೊದಲು ನಿರೂಪಿಸಿ, ಅದನ್ನು ಎರಡೆರಡು ಕವಲುಗಳಾಗಿ ಒಡೆಯುತ್ತ ವಿವರಗಳಿಗೆ ಇಳಿಯುವುದು ರಾಮಸರ ಕ್ರಮ. ತರ್ಕಶಾಸ್ತ್ರವನ್ನು ವಾದಾಂಶಗಳ ಶೋಧನೆ, ಅವುಗಳ ಜೋಡಣೆ ಎಂದು ವಿಭಜಿಸಿದರು. ಹೀಗೆ ಇಡೀ ಶಾಸ್ತ್ರವು ಒಂದೇ ಪುಟದ ನಕ್ಷೆಯಾಗಿ ವಿದ್ಯಾರ್ಥಿಯ ಕಣ್ಣೆದುರು ನಿಲ್ಲುತ್ತಿತ್ತು. ಇಂದಿನ ಪರಿಕಲ್ಪನಾ ನಕ್ಷೆಯಂತೆ ಬೇರೆ ಬೇರೆ ಕವಲುಗಳ ಪರಸ್ಪರ ಸಂಬಂಧವನ್ನು ತೋರಿಸಲಾಗದಿದ್ದುದು ಅದರ ದೊಡ್ಡ ಕೊರತೆ.

ಪ್ರಾಟೆಸ್ಟೆಂಟ್ ಪಂಥ ಸೇರಿದ್ದ ರಾಮಸ್, ೧೫೭೨ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಸಂತ ಬಾರ್ಥೊಲೊಮ್ಯೂ ದಿನದ ಹತ್ಯಾಕಾಂಡದಲ್ಲಿ ಹತರಾದರು.