ವೆಲ್ಲೂರಿನ ಡಾಕ್ಟರಮ್ಮ ಐಡಾ ಸ್ಕಡರ್



ವೆಲ್ಲೂರಿನ ಆಸ್ಪತ್ರೆಯ ಹೆಸರು ಕೇಳದವರು ನಮ್ಮಲ್ಲಿ ವಿರಳ. ಊರಿನ ವೈದ್ಯರು ಕೈಚೆಲ್ಲಿದಾಗ ರೈಲು ಹತ್ತಿ ಅಲ್ಲಿಗೆ ಹೋದವರು ನಿಮ್ಮ ಕುಟುಂಬದಲ್ಲೇ ಇರಬಹುದು. ಆದರೆ ಆ ದೊಡ್ಡ ಸಂಸ್ಥೆಯ ಹಿಂದೆ ಒಂದು ರಾತ್ರಿಯ ದುಃಖವಿದೆ ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ. ಆ ದುಃಖದಲ್ಲಿ ಒಂದು ಮುಸ್ಲಿಮ್ ಮನೆಯ ಪಾಲೂ ಇದೆ. ಆದ್ದರಿಂದಲೇ ಕ್ರೈಸ್ತ ಮಹಿಳೆಯೊಬ್ಬರ ಈ ಜೀವನಕಥೆಯನ್ನು ನಮ್ಮ ವಾರ್ಷಿಕ ಸಂಚಿಕೆಯಲ್ಲಿ ನಿಮ್ಮ ಮುಂದಿಡುವುದು ಉಚಿತವೆನಿಸಿತು.

ಐಡಾ ಸೋಫಿಯಾ ಸ್ಕಡರ್ ಹುಟ್ಟಿದ್ದು 1870ರ ಡಿಸೆಂಬರ್ 9ರಂದು, ಇಂದಿನ ತಮಿಳುನಾಡಿನ ರಾಣಿಪೇಟೆಯಲ್ಲಿ. ಅವರ ಅಜ್ಜ ಜಾನ್ ಸ್ಕಡರ್ 1819ರಲ್ಲಿ ಅಮೆರಿಕದಿಂದ ಹೊರಟು ಮೊದಲು ಸಿಂಹಳಕ್ಕೆ, ನಂತರ ಮದ್ರಾಸಿಗೆ ಬಂದ ಮಿಷನರಿ ವೈದ್ಯರು. ತಂದೆಯೂ ವೈದ್ಯರೇ. ಐಡಾ ಇನ್ನೂ ಪುಟ್ಟ ಬಾಲಕಿಯಾಗಿದ್ದಾಗ 1876ರಿಂದ 78ರವರೆಗಿನ ಭೀಕರ ಕ್ಷಾಮ ದಕ್ಷಿಣ ಭಾರತವನ್ನು ಬಾಧಿಸಿತು. ಹಸಿದ ಮಕ್ಕಳ ಬಾಯಿಗೆ ರೊಟ್ಟಿಯ ತುಂಡುಗಳನ್ನಿಡುವ ಕೆಲಸ ಆ ಎಳೆಯ ಕೈಗಳಿಗೂ ಬಂತು. ಆ ನೋಟ ಅವರ ಮನಸ್ಸಿನಲ್ಲಿ ಸೇವೆಯ ಆಸೆ ಹುಟ್ಟಿಸಲಿಲ್ಲ. ಬದಲಾಗಿ ಈ ಬಿಸಿಲು, ಬಡತನ ಮತ್ತು ಸಾವುಗಳಿಂದ ದೂರ ಓಡಬೇಕೆಂಬ ಆಸೆ ಹುಟ್ಟಿಸಿತು. ಅಮೆರಿಕದಲ್ಲಿ ಶಾಲೆ ಕಲಿಯುತ್ತಿದ್ದಾಗ, ತಾನು ಮಾತ್ರ ಕುಟುಂಬದ ದಾರಿ ಹಿಡಿಯುವುದಿಲ್ಲವೆಂದು ಅವರು ಗಟ್ಟಿಯಾಗಿ ನಿರ್ಧರಿಸಿದ್ದರು.

1890ರಲ್ಲಿ ತಾಯಿಗೆ ಕಾಯಿಲೆಯೆಂದು ತಿಳಿದು ಭಾರತಕ್ಕೆ ಬಂದರು. ತಾಯಿ ಚೇತರಿಸಿಕೊಂಡ ಕೂಡಲೇ ಹಿಂದಿರುಗುವುದೆಂದು ಯೋಚನೆ. ಆಗ ತಂದೆತಾಯಿ ತಿಂಡಿವನಂನಲ್ಲಿದ್ದರು.

ಒಂದು ರಾತ್ರಿ ಬ್ರಾಹ್ಮಣ ಯುವಕನೊಬ್ಬ ಬಾಗಿಲಿಗೆ ಬಂದ. ಎಳೆಯ ಪ್ರಾಯದ ಹೆಂಡತಿಗೆ ಹೆರಿಗೆ ನೋವು, ಸೂಲಗಿತ್ತಿಯಿಂದ ಏನೂ ಆಗುತ್ತಿಲ್ಲ, ಬಂದು ಸಹಾಯ ಮಾಡಬೇಕೆಂದು ಬೇಡಿದ. ತನಗೆ ವೈದ್ಯ ತಿಳಿಯದು, ತಂದೆಯನ್ನು ಕಳಿಸುತ್ತೇನೆ ಎಂದು ಐಡಾ ಹೇಳಿದರು. ಪರಪುರುಷ ತನ್ನ ಹೆಂಡತಿಯನ್ನು ನೋಡಕೂಡದು ಎಂದು ಆತ ಹಿಂದಿರುಗಿದ. ಸ್ವಲ್ಪ ಹೊತ್ತಿನಲ್ಲಿ ಮುಸ್ಲಿಮ್ ವ್ಯಕ್ತಿಯೊಬ್ಬ ಬಂದ. ಅದೇ ಕಷ್ಟ, ಅದೇ ಬೇಡಿಕೆ. ಐಡಾ ತಮ್ಮ ತಂದೆಯ ಹೆಸರು ಹೇಳಿದಾಗ ಅವನದೂ ಅದೇ ಉತ್ತರ. ಮೂರನೆಯವನಾಗಿ ಇನ್ನೊಬ್ಬ ಹಿಂದೂ ಬಂದ, ಅವನೂ ಹಾಗೆಯೇ ಹೋದ. ಬೆಳಗಾಗುವಾಗ ಬೀದಿಯಲ್ಲಿ ಸಾವಿನ ತಮಟೆ ಕೇಳಿಸಿತು. ಆಳನ್ನು ಕಳಿಸಿ ವಿಚಾರಿಸಿದರೆ, ಮೂವರು ಹೆಣ್ಣುಮಕ್ಕಳೂ ತೀರಿಹೋಗಿದ್ದರು.

ಓದುಗರೇ, ಇಲ್ಲಿ ತಪ್ಪು ಯಾರದು? ಪರ್ದಾವನ್ನು ದೂರುವುದು ಸುಲಭ. ಆದರೆ ಆ ಮೂವರಲ್ಲಿ ಇಬ್ಬರು ಹಿಂದೂಗಳಾಗಿದ್ದರು. ಹೆಣ್ಣಿನ ಮರ್ಯಾದೆ ಕಾಯುವುದು ಕೆಟ್ಟದ್ದಲ್ಲ. ಪ್ರಾಣಾಪಾಯದಲ್ಲಿ ಪುರುಷ ವೈದ್ಯನ ನೆರವು ಪಡೆಯಲು ನಮ್ಮ ಶರೀಅತ್ ಅವಕಾಶ ನೀಡಿದೆ ಎಂಬ ಅರಿವು ಆ ಮನೆಯಲ್ಲಿರಲಿಲ್ಲ. ಮರ್ಯಾದೆಯ ಬಗ್ಗೆ ಅಷ್ಟು ಕಾಳಜಿಯಿದ್ದ ಸಮಾಜ ತನ್ನ ಹೆಣ್ಣುಮಕ್ಕಳಲ್ಲಿ ಒಬ್ಬಳನ್ನಾದರೂ ವೈದ್ಯೆಯನ್ನಾಗಿ ಮಾಡಿರಲಿಲ್ಲ. ಆ ಮೂವರನ್ನು ಬಲಿ ಪಡೆದದ್ದು ಅಜ್ಞಾನ.

ಐಡಾ ಆ ಬೆಳಿಗ್ಗೆ ಯಾರನ್ನೂ ದೂರಲಿಲ್ಲ. ಪ್ರಾರ್ಥಿಸಿದರು, ಅತ್ತರು, ಕೊನೆಗೆ ತಂದೆತಾಯಿಯ ಬಳಿ ಹೋಗಿ ತಾನು ಡಾಕ್ಟರಾಗಿ ಬರುವುದಾಗಿ ತಿಳಿಸಿದರು. ತನ್ನ ಇಚ್ಛೆಯನ್ನು ದೇವನ ಇಚ್ಛೆಗೆ ಒಪ್ಪಿಸುವುದು ವಿನಯದ ಮೊದಲ ಮೆಟ್ಟಿಲು. ಅದನ್ನು ಅವರು ಅಂದೇ ಹತ್ತಿದರು.

ಅಮೆರಿಕದಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿಗೆ ಸೇರಿ, ಮುಂದೆ ಕಾರ್ನೆಲ್ ವೈದ್ಯಕೀಯ ಕಾಲೇಜಿನಲ್ಲಿ ಓದಿ 1899ರಲ್ಲಿ ಪದವಿ ಪಡೆದರು. ಅಲ್ಲಿಂದ ಪದವಿ ಪಡೆದ ಮೊದಲ ಮಹಿಳೆಯರಲ್ಲಿ ಅವರೂ ಒಬ್ಬರು. ಶೆಲ್ ಎಂಬ ಶ್ರೀಮಂತರು ತಮ್ಮ ದಿವಂಗತ ಪತ್ನಿಯ ಹೆಸರಿನಲ್ಲಿ ಆಸ್ಪತ್ರೆ ಕಟ್ಟಲು 10,000 ಡಾಲರ್ ನೀಡಿದರು. 1900ರಲ್ಲಿ ಐಡಾ ವೆಲ್ಲೂರಿಗೆ ಬಂದರು. ಕೈಹಿಡಿದು ಕಲಿಸಬೇಕಾಗಿದ್ದ ತಂದೆ ಅದೇ ವರ್ಷ ತೀರಿಕೊಂಡರು. ಆದರೂ ಎದೆಗುಂದದೆ, ಮನೆಯಲ್ಲೇ ಒಂದು ಹಾಸಿಗೆಯ ಚಿಕಿತ್ಸಾಲಯ ತೆರೆದರು. ಎರಡು ವರ್ಷಗಳಲ್ಲಿ ಸುಮಾರು 5,000 ರೋಗಿಗಳನ್ನು ನೋಡಿದರು. 1902ರಲ್ಲಿ 40 ಹಾಸಿಗೆಗಳ ಮೇರಿ ಟೇಬರ್ ಶೆಲ್ ಆಸ್ಪತ್ರೆ ಸಿದ್ಧವಾಯಿತು.

ಆಸ್ಪತ್ರೆಗೆ ಬರಲಾಗದವರ ಬಳಿಗೆ ತಾನೇ ಹೋಗಬೇಕೆಂದು ಅವರಿಗೆ ಅನಿಸಿತು. ವೆಲ್ಲೂರಿನಿಂದ ಗುಡಿಯಾತ್ತಂ ಕಡೆಗೆ ವಾರವಾರ ಹೋಗುವ ದಾರಿಯಲ್ಲಿ ಮರದ ನೆರಳಿನಲ್ಲಿ ನಿಂತು ಹುಣ್ಣು ತೊಳೆದರು, ಕಣ್ಣಿಗೆ ಔಷಧ ಹಾಕಿದರು, ಕುಷ್ಠರೋಗಿಗಳನ್ನೂ ಉಪಚರಿಸಿದರು. ಹಝ್ರತ್ ಈಸಾ(ಅ) ಅವರು ತಮ್ಮ ಶಿಷ್ಯರ ಕಾಲು ತೊಳೆದರೆಂದು ಕ್ರೈಸ್ತರ ಇಂಜೀಲಿನಲ್ಲಿದೆ. ಸೇವೆ ಮಾಡಿಸಿಕೊಳ್ಳಲು ಅಲ್ಲ, ಸೇವೆ ಮಾಡಲು ಬಂದೆ ಎಂಬ ಆಶಯದ ಮಾತೇ ಐಡಾ ಅವರ ಸಂಸ್ಥೆಯ ಧ್ಯೇಯವಾಯಿತು.

ಒಬ್ಬಳೇ ಎಷ್ಟು ಮನೆಗಳಿಗೆ ಹೋಗಲು ಸಾಧ್ಯ? ಭಾರತದ ಹೆಣ್ಣುಮಕ್ಕಳೇ ಕಲಿಯಬೇಕೆಂದು 1909ರಲ್ಲಿ ನರ್ಸಿಂಗ್ ಶಾಲೆ, 1918ರಲ್ಲಿ ಮಹಿಳೆಯರ ವೈದ್ಯಕೀಯ ಶಾಲೆ ಆರಂಭಿಸಿದರು. ಅರ್ಜಿ ಹಾಕುವವರೇ ಸಿಗಲಾರರು ಎಂದು ಸರ್ಕಾರಿ ಅಧಿಕಾರಿ ಅನುಮಾನಪಟ್ಟಿದ್ದರು. ಬಂದ ಅರ್ಜಿಗಳು 151. 1922ರಲ್ಲಿ ಮೊದಲ ತಂಡದ 14 ವಿದ್ಯಾರ್ಥಿನಿಯರು ಅಂತಿಮ ಪರೀಕ್ಷೆಗೆ ಕುಳಿತು, ಅಷ್ಟೂ ಮಂದಿ ತೇರ್ಗಡೆಯಾದರು.

ಅವರ ವಿನಯದ ಕಠಿಣ ಪರೀಕ್ಷೆ ಬಂದದ್ದು ಮುಪ್ಪಿನಲ್ಲಿ. 1938ರಲ್ಲಿ ಮದ್ರಾಸ್ ಸರ್ಕಾರ ವೈದ್ಯ ಶಿಕ್ಷಣವೆಲ್ಲ ವಿಶ್ವವಿದ್ಯಾಲಯದ ಪದವಿ ಮಟ್ಟಕ್ಕೇರಬೇಕೆಂದು ಆದೇಶಿಸಿತು. ಅಷ್ಟು ಹಣವಿರಲಿಲ್ಲ. ಎಪ್ಪತ್ತು ದಾಟಿದ ಐಡಾ ಅಮೆರಿಕದಲ್ಲಿ ಊರೂರು ಅಲೆದು ನೆರವು ಕೇಳಿದರು. ವಿವಿಧ ಮಿಷನ್‌ಗಳು ಒಟ್ಟುಗೂಡಿ ನೆರವಾಗಬೇಕಾದರೆ ಪುರುಷ ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕಾಗಿತ್ತು. ಜೀವಮಾನವೆಲ್ಲ ಹೆಣ್ಣುಮಕ್ಕಳಿಗಾಗಿ ಕಟ್ಟಿದ ಕನಸು ಅದು. ಹಳೆಯ ಆಪ್ತರು ಸಿಟ್ಟಾದರು, ಅವರ ಮನಸ್ಸೂ ನೊಂದಿತು. ಆದರೂ ತನ್ನ ಕನಸಿಗಿಂತ ರೋಗಿಗಳ ಹಿತ ದೊಡ್ಡದೆಂದು ಒಪ್ಪಿದರು. 1942ರಲ್ಲಿ ಎಂ.ಬಿ.ಬಿ.ಎಸ್. ತರಗತಿ ಆರಂಭವಾಯಿತು, 1947ರಲ್ಲಿ ಗಂಡುಮಕ್ಕಳಿಗೂ ಪ್ರವೇಶ ದೊರೆಯಿತು. ಇದಕ್ಕೂ ಮೊದಲೇ 1946ರಲ್ಲಿ ಅವರು ನಿವೃತ್ತರಾಗಿದ್ದರು. ತಾನು ಕಟ್ಟಿದ ಸಂಸ್ಥೆಯನ್ನು ಬಿಗಿಹಿಡಿದು ಕೂರದೆ ಮುಂದಿನವರ ಕೈಗೊಪ್ಪಿಸಿದರು. ಭಾರತೀಯ ವೈದ್ಯೆ ಡಾ. ಹಿಲ್ಡಾ ಲಾಝರಸ್ ಮುಂದೆ ಆ ಸಂಸ್ಥೆಯ ಚುಕ್ಕಾಣಿ ಹಿಡಿದರು. ಮದುವೆಯಾಗದೆ ಬದುಕನ್ನೆಲ್ಲ ಸೇವೆಗೆ ಮುಡಿಪಿಟ್ಟ ಐಡಾ, 1960ರ ಮೇ ತಿಂಗಳಲ್ಲಿ, 89ರ ಪ್ರಾಯದಲ್ಲಿ, ಕೊಡೈಕನಾಲಿನಲ್ಲಿ ಕಣ್ಮುಚ್ಚಿದರು.

ಓದುಗರೇ, ಅವರ ವಿಶ್ವಾಸಕ್ಕೂ ನಮ್ಮ ವಿಶ್ವಾಸಕ್ಕೂ ಮೂಲಭೂತ ವ್ಯತ್ಯಾಸಗಳಿವೆ. ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಪವಿತ್ರ ಕುರ್‌ಆನ್ ಅಲ್ ಮಾಇದಾ ಅಧ್ಯಾಯದಲ್ಲಿ, ಕ್ರೈಸ್ತರಲ್ಲಿ ಅಹಂಕಾರ ತೋರದ ವಿದ್ವಾಂಸರೂ ವಿರಕ್ತರೂ ಇದ್ದಾರೆಂದು ಮೆಚ್ಚಿ ನುಡಿದಿದೆ. ಅದೇ ಅಧ್ಯಾಯ ಒಂದು ಜೀವವನ್ನು ಉಳಿಸಿದವನನ್ನು ಇಡೀ ಮಾನವಕುಲವನ್ನೇ ಉಳಿಸಿದವನಿಗೆ ಹೋಲಿಸಿದೆ. ಒಳಿತನ್ನು ಎಲ್ಲಿ ಕಂಡರೂ ಒಪ್ಪಿಕೊಳ್ಳುವುದು ಮುಸ್ಲಿಮನ ಗುಣ. ಒಪ್ಪಿ ಸುಮ್ಮನಿದ್ದರೆ ಮಾತ್ರ ಅದು ಅರ್ಧ ಕೆಲಸ.

ಅಂದು ನಿರಾಶನಾಗಿ ಹಿಂದಿರುಗಿದ ಆ ಮುಸ್ಲಿಮನ ಹೆಸರು ಚರಿತ್ರೆಯಲ್ಲಿ ಉಳಿದಿಲ್ಲ. ಅವನ ಬಾಗಿಲಿಗೆ ಬರಬಲ್ಲ ಒಬ್ಬ ವೈದ್ಯೆಯನ್ನು ಸಿದ್ಧಪಡಿಸಲು ಪರಧರ್ಮದ, ಪರದೇಶದ ಹೆಣ್ಣುಮಗಳೊಬ್ಬಳು ತನ್ನ ಬಾಳನ್ನೇ ಕೊಟ್ಟಳು. ನಿಮ್ಮ ಮನೆಯಲ್ಲಿ ಓದಿನಲ್ಲಿ ಚುರುಕಾದ ಮಗಳಿದ್ದರೆ, ಹತ್ತನೆಯ ತರಗತಿ ಮುಗಿಯುತ್ತಲೇ ಅವಳ ಪುಸ್ತಕ ಮುಚ್ಚಿಸುವ ಮೊದಲು ಒಮ್ಮೆ ಯೋಚಿಸಿ. ನೆರೆಮನೆಯ ಬಡ ಹುಡುಗಿ ಫೀಸಿಲ್ಲದೆ ಮನೆಯಲ್ಲಿ ಕುಳಿತಿದ್ದರೆ, ನಿಮ್ಮ ಸದಕದ ಒಂದು ಪಾಲು ಅವಳ ಓದಿಗೂ ಸಲ್ಲಲಿ. ನಡುರಾತ್ರಿ ಯಾರದೋ ಮನೆಯಲ್ಲಿ ಹೆರಿಗೆ ನೋವು ಏರುವಾಗ ಆ ಹುಡುಗಿಯೇ ವೈದ್ಯೆಯಾಗಿ ಬಾಗಿಲಲ್ಲಿ ನಿಂತಾಳು. ಅಂತಹ ಮಕ್ಕಳನ್ನು ಬೆಳೆಸುವ ತೌಫೀಕನ್ನು ಅಲ್ಲಾಹನು ನಮಗೆಲ್ಲ ಕರುಣಿಸಲಿ, ಆಮೀನ್.